ಐದು ತಿಂಗಳು ಕಡಿಮೆ ಬಿದ್ದ ಕೂಮ

ಗಾಣದ ಮನೆ, ಬ್ರಾಚ್ ದ್ವೀಪ
28 ಸೆಪ್ಟೆಂಬರ್ 2024

ಕೂಮ ಬಾರ್ತುಲ್,

ಫೋನಿನಲ್ಲಿ ನಿನ್ನ ಹತ್ತಿರ ಒಂದು ಮಾತನ್ನು ಪೂರ್ತಿ ಆಡಿ ಮುಗಿಸಿದವರು ಈ ದ್ವೀಪದಲ್ಲಿ ಯಾರೂ ಇಲ್ಲ. ನಾನು ‘ಕೇಳು’ ಅನ್ನುವಷ್ಟರಲ್ಲಿ ನೀನು ‘ಗೊತ್ತು’ ಅಂದಿರುತ್ತೀಯ. ಅದಕ್ಕೇ ಕಾಗದ ಬರೆದು ಬಸ್ಸಿನ ಡ್ರೈವರ್ ಕೈಲಿ ಕೊಟ್ಟಿದ್ದೇನೆ. ಬಂದರಿನಲ್ಲಿ ನಿನ್ನ ಮನೆ ಮೆಟ್ಟಿಲ ಮೇಲೆ ಕೂತು ಕೊನೆತನಕ ಓದು.

ಹೊಸ ಗಾಣ ಬಂದು ಕೂತಿದೆ. ಅಪ್ಪನ ಕಾಲದ ಕಲ್ಲಿನ ಗಾಣವನ್ನು ಅಂಗಳಕ್ಕೆ ತಳ್ಳಿದೆವು, ನನ್ನವಳು ವಿನ್ಕಾ ಆಗಲೇ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾಳೆ. ಮುಂದಿನ ತಿಂಗಳ ಮಧ್ಯದಿಂದ ಸುತ್ತಲ ಊರಿನವರೆಲ್ಲ ಆಲಿವ್ ಕಾಯಿ ತರುತ್ತಾರೆ. ನನಗೆ ಇಬ್ಬರು ಬೇಕು. ಒಬ್ಬ ದಿಲ್ ಬಹಾದೂರ್, ನೇಪಾಳದವನು, ಕಾಗದ ಪತ್ರ ಎಲ್ಲ ಸರಿಯಾಗಿದೆ. ಇನ್ನೊಬ್ಬ ನೀನು.

ಹಾರಾಡಬೇಡ, ಮುಂದೆ ಓದು. ನಿನ್ನವಳು ಯೆರ್ಕಾ ವಿನ್ಕಾಳ ಹತ್ತಿರ ಹೇಳಿಕೊಂಡಳಂತೆ. ಪಿಂಚಣಿ ಸಿಗಬೇಕಾದರೆ ಹದಿನೈದು ವರ್ಷದ ದುಡಿಮೆ ಸರ್ಕಾರದ ದಾಖಲೆಯಲ್ಲಿರಬೇಕು, ನಿನಗೆ ಐದು ತಿಂಗಳು ಕಡಿಮೆ ಬಿದ್ದಿದೆ. ನಿನಗೆ ಅರವತ್ತಾರು. ಮೀಸೆ ಮೂಡುವ ಮೊದಲೇ ದುಡಿಯಲು ಶುರು ಮಾಡಿದವನಿಗೆ ಐದು ತಿಂಗಳು ಕಡಿಮೆಯಂತೆ! ಮೀನು ಡಬ್ಬಿಯ ಕಾರ್ಖಾನೆ ಮುಳುಗುವಾಗ ನಿನ್ನ ಹೆಸರಿನ ಪಿಂಚಣಿ ಕಂತುಗಳನ್ನೂ ಮುಳುಗಿಸಿತು, ಮಿಕ್ಕ ವರ್ಷಗಳಲ್ಲಿ ನೀನು ಮಾಡಿದ್ದೆಲ್ಲ ಕಾಗದವಿಲ್ಲದ ಕೆಲಸ. ಈಗ ಯೆರ್ಕಾ ಆ ಮೊಣಕಾಲಿನಲ್ಲಿ ಪ್ರವಾಸಿಗರ ಮನೆಗಳ ಮೆಟ್ಟಿಲು ಹತ್ತಿ ಹಾಸಿಗೆ ಬಟ್ಟೆ ಬದಲಾಯಿಸುತ್ತಾಳೆ. ನಿನಗೆ ಪಿಂಚಣಿ ಬರುವ ತನಕ ಅವಳಿಗೆ ಇಳಿಯಲು ಪುರುಸೊತ್ತಿಲ್ಲ.

ಆದ್ದರಿಂದ ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ಅಕ್ಟೋಬರಿನಿಂದ ಫೆಬ್ರವರಿ ಮುಗಿಯುವ ತನಕ. ಮೊದಲು ಎಣ್ಣೆ ತೆಗೆಯುವುದು, ಆಮೇಲೆ ಮರ ಸವರುವುದು. ನನ್ನ ಮಗಳು ಫ್ರಾನ್ಕಾ ಸ್ಪ್ಲಿಟ್‌ ಪಟ್ಟಣದಲ್ಲಿ ಮಾಡುವುದು ಇದೇ ಉದ್ಯೋಗ ತಾನೇ, ಯಾರ್‍ಯಾರದೋ ಸಂಬಳ ಬರೆಯುವುದು. ಕರಾರು ಪತ್ರ ಅವಳೇ ಸಿದ್ಧಮಾಡಿದ್ದಾಳೆ. ದಿನಕ್ಕೆ ಎಂಟು ಗಂಟೆ, ಭಾನುವಾರ ರಜ, ಕಾಯಿಲೆ ಬಿದ್ದರೂ ಸಂಬಳ, ಕ್ರಿಸ್‌ಮಸ್ಸಿಗೆ ಇನಾಮು. ಪಿಂಚಣಿಯ ಕಂತು ಕಟ್ಟುವವನು ನಾನು. ದಯೆಯಲ್ಲ, ಕಾನೂನು. “ಒಂದೇ ಮಾತು ಅಪ್ಪ” ಅಂದಳು. “ಕೆಲಸಕ್ಕೆ ಕೈ ಹಾಕೋ ಮುಂಚೆ ಹೆಸರು ದಾಖಲಾಗಿರ್ಬೇಕು. ಆಮೇಲೆ ಮಾಡ್ಸೋಣ ಅನ್ನೋದು ಇಲ್ವೇ ಇಲ್ಲ.”

ಪತ್ರದ ಜೊತೆ ಕರಾರು ಇದೆ. ಗೀಟೆಳೆದ ಕಡೆ ಸೈನ್ ಹಾಕಿ ಸಂಜೆ ಬಸ್ಸಿಗೇ ಕಳಿಸು.

ನಿನ್ನ ಕೂಮ
ಲುಕ್ಷಾ


ಬಂದರು
2 ಅಕ್ಟೋಬರ್

ಲುಕ್ಷಾ,

ಮೆಟ್ಟಿಲ ಮೇಲೆ ಕೂತೇ ಓದಿದೆ. ಎದ್ದು ಒಳಗೆ ಹೋಗಿ ಯೆರ್ಕಾಳನ್ನು ಕೇಳಿದೆ: “ನನ್ನ ತಿಂಗಳುಗಳ್ನ ಊರಿಗೆಲ್ಲ ಹಂಚಿದ್ದೀಯಾ?”

“ಊರಿಗೆಲ್ಲಿ ಹಂಚಿದೆ? ವಿನ್ಕಾ ಒಬ್ಬಳಿಗೆ ಹೇಳ್ದೆ.”

“ವಿನ್ಕಾಗೆ ಹೇಳಿದ್ರೆ ಊರಿಗೆ ಬೇರೆ ಹೇಳ್ಬೇಕಾ?”

“ಅಷ್ಟು ಮರ್ಯಾದೆ ಇದ್ರೆ ಹೋಗು, ಮೂರನೇ ಮಹಡಿ ಹಾಸಿಗೆ ನೀನೇ ಹಾಸಿ ಬಾ” ಅಂದಳು.

ನಿನ್ನ ಕರಾರನ್ನು ಎರಡು ಸಲ ಓದಿದೆ. ‘ಕೆಲಸಗಾರನು ಉದ್ಯೋಗದಾತನ ಆದೇಶಗಳನ್ನು ಪಾಲಿಸತಕ್ಕದ್ದು.’ ನೀನು ಆದೇಶ ಕೊಡುವುದು, ನಾನು ಪಾಲಿಸುವುದು! ದೋಣಿ ಸ್ವಲ್ಪ ಅಲುಗಿದರೆ ಕರುಳು ಕಕ್ಕಿಕೊಳ್ಳುವವನು ನನಗೆ ಆದೇಶ ಕೊಡುತ್ತಾನಂತೆ.

ನನ್ನ ಮದುವೆಯ ದಿನ ಬಲಗಡೆ ನಿಂತು ಸಾಕ್ಷಿ ಹೇಳಿದವನು ನೀನು. ಜ್ಞಾನಸ್ನಾನದ ನೀರಿನ ಮೇಲೆ ಫ್ರಾನ್ಕಾಳನ್ನು ಎತ್ತಿ ಹಿಡಿದವನು ನಾನು, ಅವಳು ನನ್ನ ಹೊಸ ಅಂಗಿಯ ಮೇಲೆ ಉಚ್ಚೆ ಹೊಯ್ದಳು. ನಾವು ಕೂಮರಾದದ್ದು ಹಾಗೆ. ಇಲ್ಲಿ ಅಣ್ಣತಮ್ಮಂದಿರು ಬೇಲಿಗಾಗಿ ಕೋರ್ಟಿಗೆ ಹೋಗುತ್ತಾರೆ, ಕೂಮರು ಹೋದದ್ದನ್ನು ಯಾರೂ ಕಂಡಿಲ್ಲ. ಕೂಮನೆಂದರೆ ಕಿತ್ತುಬಿದ್ದರೆ ಇನ್ನೊಂದು ಹೊಲಿದುಕೊಳ್ಳುವ ಅಂಗಿಯ ಗುಂಡಿಯಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ? ನಿಮ್ಮ ಗಾಣಕ್ಕೆ ನಿನ್ನಪ್ಪ ಇದ್ದಾಗಲೂ ಬಂದೆ, ಹೋದ ಮೇಲೂ ಬಂದೆ. ಒಂದು ವರ್ಷವಾದರೂ ಕೂಲಿ ಕೇಳಿದ್ದೇನೆಯೇ? ಈ ಸಲವೂ ಪ್ರತಿ ಸಲದಂತೆ ಬರುತ್ತೇನೆ. ಸೈನ್ ಹಾಕಿ ಬರುವುದಿಲ್ಲ.

ಕರಾರಿನ ಹಿಂದುಗಡೆ ಖಾಲಿ ಇತ್ತು. ಬಲೆಯ ಅಳತೆ ಬರೆದುಕೊಂಡೆ.

ನಿನ್ನ ಕೂಮ, ಆಳಲ್ಲ
ಬಾರ್ತುಲ್


ಗಾಣದ ಮನೆ
6 ಅಕ್ಟೋಬರ್

ಬಾರ್ತುಲ್,

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಇದಕ್ಕಿಂತ ಹೆಚ್ಚು ಬೈಯಲು ನನಗೆ ಬರುವುದಿಲ್ಲ.

ದಯವಿಟ್ಟು ಹಾಗೇ ಬರಬೇಡ, ತಪಾಸಣೆಯವರು ಕಂಡರೆ ಗಾಣಕ್ಕೆ ಬೀಗ ಹಾಕುತ್ತಾರೆ. ಕಾಗದವಿಲ್ಲದೆ ನೆರವಾಗಲು ಯಾರು ಬರಬಹುದು ಅಂತ ಫ್ರಾನ್ಕಾಳನ್ನು ಕೇಳಿದೆ. ಅವಳು ಓದುತ್ತಾ ಹೋದಳು. ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಹೆಂಡತಿಯ ಕಡೆಯವರು. ವಿನ್ಕಾಳ ತಮ್ಮ ಬರಬಹುದಂತೆ. ಅವನ ಮುಖ ನೋಡಿ ಹನ್ನೊಂದು ವರ್ಷವಾಯಿತು, ನೋಡುವ ಆಸೆಯೂ ಇಲ್ಲ. ಅವನು ಬರಬಹುದು, ನೀನು ಬರಬಾರದು. “ಕೂಮ ಎಲ್ಲಮ್ಮಾ?” ಅಂತ ಕೇಳಿದೆ. “ಅಪ್ಪ, ಕಾನೂನಿನಲ್ಲಿ ಕೂಮ ಇಲ್ಲ” ಅಂದಳು. ನೀನು ಎತ್ತಿ ಹಿಡಿದ ಹುಡುಗಿ ಇದನ್ನು ಹೇಳಿದಳು, ಹೇಳಿ ಮುಖ ತಿರುಗಿಸಿಕೊಂಡಳು.

ಒಂದು ವಾರದಿಂದ ತೆಂಕಣ ಗಾಳಿ. ಕಡಲು ಬೂದಿಬಣ್ಣ, ಬಟ್ಟೆ ಒಣಗುವುದಿಲ್ಲ, ನಾಯಿಯೂ ಒಂದು ಕಡೆ ಮಲಗುವುದಿಲ್ಲ. ನಾನು ಗಾಣದಿಂದ ಗೇಟಿಗೆ, ಗೇಟಿನಿಂದ ಗಾಣಕ್ಕೆ ತಿರುಗುತ್ತಿದ್ದೇನೆ. ಈ ಯಂತ್ರಕ್ಕೆ ಮನೆ ಅಡವಿಟ್ಟಿದ್ದೇನೆ, ಮರೆಯಬೇಡ. ಇನ್ನೊಂದು ಕರಾರು ಕಳಿಸಿದ್ದೇನೆ. ಇದರ ಹಿಂದುಗಡೆಯೂ ಖಾಲಿ ಇದೆ, ಬೇಕಾದ್ದು ಬರೆದುಕೋ. ಮುಂದುಗಡೆ ಮಾತ್ರ ಹೆಸರು ಬರೆ.

ನಿನ್ನ ಕೂಮ
ಲುಕ್ಷಾ


ಬಂದರು
23 ಅಕ್ಟೋಬರ್

ಲುಕ್ಷಾ ಅವರಿಗೆ,

ನಿಮಗೆ ನೆನಪಿನ ಶಕ್ತಿ ಕಡಿಮೆ ಎಂದು ಗೊತ್ತಾಯಿತು. ಆದ್ದರಿಂದ ನಿನ್ನೆ ನಡೆದದ್ದನ್ನು ನಾನೇ ಬರೆಯುತ್ತೇನೆ.

ಮಂಗಳವಾರ ಮೊದಲ ಬಸ್ಸಿಗೆ ಬಂದೆ. ನೀವು ಬಾಗಿಲಲ್ಲಿ ಅಡ್ಡ ನಿಂತು “ಬೇಡ ಕಣೋ, ಮೊದ್ಲು ಸೈನ್ ಹಾಕು” ಅಂದಿರಿ. ನಾನು “ಪಕ್ಕಕ್ಕೆ ಸರಿ” ಅಂದೆ. ನೀವು ಸರಿದಿರಿ. ಇದನ್ನು ಮರೆಯಬೇಡಿ. ಹೊರಗೆ ಕಾಯಿ ತುಂಬಿದ ಚೀಲಗಳು ಆಳೆತ್ತರ, ಜನರ ಗಲಾಟೆ, ನಿಮಗೂ ಕೈ ಬೇಕಿತ್ತು.

ಹತ್ತು ಗಂಟೆ ಸುಮಾರಿಗೆ ತಪಾಸಣೆಯವರು ಬಂದರು. ಒಬ್ಬಳು ಹುಡುಗಿ, ಅವಳ ಹಿಂದೆ ಚೀಲ ಹೊತ್ತ ಒಬ್ಬ ಗಂಡಸು. ನೇಪಾಳದವನ ಕಾಗದ ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಇವರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ: “ಅವರಾ? ಗಿರಾಕಿ. ಎಣ್ಣೆ ಕೊಳ್ಳೋಕೆ ಬಂದಿದ್ದಾರೆ.”

ಮೊಣಕೈ ತನಕ ಎಣ್ಣೆ, ತಲೆ ತುಂಬ ಎಲೆ, ಕೈಯಲ್ಲಿ ಸಲಿಕೆ ಹಿಡಿದು ನಾನು ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟು ಲೀಟರ್ ಬೇಕಿತ್ತು ಅಜ್ಜ?” ಅಂದಳು. ಚೀಲದವನು ನಕ್ಕ. ನೇಪಾಳದವನು ನೆಲ ನೋಡಿದ. ಪರದೇಶದವನಿಗೆ ನಾಚಿಕೆಯಾಯಿತು, ನಿಮಗೆ ಆಗಲಿಲ್ಲ.

“ನಾನು ಇವನ ಕೂಮ” ಅಂದೆ.

“ರಕ್ತ ಸಂಬಂಧಾನಾ?”

“ಅದಕ್ಕಿಂತ ಹೆಚ್ಚು.”

“ಹೆಚ್ಚು ಅಂತ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ” ಅಂದಳು, ಬಿರುಸಾಗಿಯೇನೂ ಅಲ್ಲ. ನಿಮ್ಮ ಕಡೆ ನೋಡಿದೆ. ನೀವು ಆಗಲಾದರೂ ಹೌದು ಅನ್ನಬಹುದಿತ್ತು. ಯಂತ್ರದ ಗುಂಡಿ ನೋಡುತ್ತಾ ನಿಂತಿರಿ.

ಬಸ್ಸಿಗೂ ಕಾಯದೆ ನಡೆದೇ ಇಳಿದೆ. ಯೆರ್ಕಾ ಏನಾಯಿತು ಅಂತ ಕೇಳಿದಳು. ಎಣ್ಣೆ ಸಿಗಲಿಲ್ಲ ಅಂದೆ.

ನಿಮ್ಮ ಗಿರಾಕಿ
ಬಾರ್ತುಲ್


ಗಾಣದ ಮನೆ
5 ನವೆಂಬರ್

ಬಾರ್ತುಲ್,

ಗಿರಾಕಿ ಅಂದದ್ದು ನಾನೇ. ನನ್ನ ಬಾಯಿ ಬಿದ್ದುಹೋಗಲಿ. ಅಡವಿಟ್ಟ ಮನೆ ಕಣ್ಣ ಮುಂದೆ ಬಂತು, ಮುಂದಿದ್ದ ನೀನು ಕಾಣಲಿಲ್ಲ. ಎರಡು ಸಲ ಬಂದೆ, ನೀನು ದೋಣಿ ಬಿಚ್ಚಿಕೊಂಡು ಹೋದೆ. ಕಡಲಿಗೆ ಇಳಿದು ಹಿಂದೆ ಬರಲಾರೆನೆಂದು ನಿನಗೆ ಗೊತ್ತು.

ಗಾಣಕ್ಕೆ ಬೀಗ ಮುದ್ರೆ ಬಿದ್ದಿದೆ, ಒಂದು ತಿಂಗಳು. ಜನ ಕಾಯಿಯನ್ನು ಆಚೆ ಊರಿಗೆ ಹೊರುತ್ತಿದ್ದಾರೆ, ನಮ್ಮ ಗೇಟಿನ ಮುಂದೆಯೇ ಹೋಗುತ್ತಾರೆ. ದಂಡ ಹಾಕಿದ್ದಾರೆ, ಅದು ಹೇಗೂ ತಪ್ಪುವುದಿಲ್ಲ. ಆದರೆ ಆದೇಶದಲ್ಲಿ ಇನ್ನೊಂದು ಮಾತಿದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಫ್ರಾನ್ಕಾ ಅದನ್ನು ಬಿಡಿಸಿ ಹೇಳಿದಳು.

“ಕಾಗದ ಇಲ್ದೆ ಸಿಕ್ಕಿಬಿದ್ದವನು ಅದಕ್ಕೂ ಹಿಂದಿನ ಆರು ತಿಂಗಳು ಅಲ್ಲೇ ದುಡೀತಿದ್ದ ಅಂತ ಕಾನೂನು ತಿಳ್ಕೊಳ್ಳುತ್ತೆ. ಅಲ್ಲ ಅಂತ ತೋರಿಸ್ಬೇಕಾದವನು ಧಣಿ. ತೋರಿಸದಿದ್ರೆ ಆರು ತಿಂಗಳಿಗೂ ಹೆಸರು ದಾಖಲು ಮಾಡಿ, ಸಂಬಳ, ಕಂತು ಎಲ್ಲ ಕಟ್ಬೇಕು. ಆದ್ರೆ ಅಪ್ಪ, ಇದು ಸುಲಭ. ಬಾರ್ತುಲ್ ಮಾಮ ಬೇಸಿಗೆ ಪೂರ್ತಿ ರಿಯೇಕಾದಲ್ಲಿ ಅವರಕ್ಕನ ಮನೇಲಿದ್ರು. ಅಕ್ಕನ ಸೊಂಟದ ಆಪರೇಷನ್ ಮಾಡಿದ ಆಸ್ಪತ್ರೆಯವರೇ ಬರ್ಕೊಡ್ತಾರೆ.”

“ಬೇಡ” ಅಂದೆ.

“ಏನು ಬೇಡ?”

“ತೋರಿಸೋದು ಬೇಡ. ಕಟ್ಟೋಣ.”

“ಈ ಚಳಿಗಾಲದ ದುಡಿಮೆ ಎಲ್ಲ ಹೋಗುತ್ತೆ.”

“ಹೋಗ್ಲಿ.”

ಅವಳು ಬೆರಳು ಮಡಚಿ ಎಣಿಸಿದಳು. ಆಮೇಲೆ “ಆರು ಅಂದ್ರೆ ಐದಕ್ಕಿಂತ ಒಂದು ಜಾಸ್ತಿ, ಅಲ್ವಾ ಅಪ್ಪ” ಅಂದಳು.

ನೀನು ಎಲ್ಲೂ ಸೈನ್ ಹಾಕಬೇಕಾಗಿಲ್ಲ. ನನ್ನ ಆದೇಶವನ್ನೂ ಪಾಲಿಸಬೇಕಾಗಿಲ್ಲ. ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಿನಗೆ ಪಿಂಚಣಿ ಬರುತ್ತದೆ. ಜೀವಮಾನದಲ್ಲಿ ಒಂದು ಸಲ ಬಾಯಿ ಮುಚ್ಚಿಕೊಂಡಿರು ಮಾರಾಯ.

ಲುಕ್ಷಾ


ಬಂದರು
8 ನವೆಂಬರ್

ಲುಕ್ಷಾ,

ಮೊದಲು ನಾನು ಗಿರಾಕಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಆರು ತಿಂಗಳ ಆಳು. ಮುಂದಿನ ವಾರ ನನ್ನನ್ನು ಏನಂತ ಬರೆಸುತ್ತೀಯ, ನೇಪಾಳದವನು ಅಂತಲೋ?

ರಿಯೇಕಾದಲ್ಲಿ ಅಕ್ಕನನ್ನು ಸ್ನಾನದ ಮನೆಗೆ ಎತ್ತಿಕೊಂಡು ಹೋದ ತಿಂಗಳುಗಳು ಅವು. ಅವಳ ಕಾಲು ತೊಳೆದಿದ್ದೇನೆ. ಅವನ್ನು ಕಿತ್ತು ನಿನ್ನ ಗಾಣಕ್ಕೆ ಜಮಾ ಮಾಡುತ್ತೀಯಾ? ನಾಳೆ ಕಾಫಿ ಅಂಗಡಿಯಲ್ಲಿ ಏನನ್ನುತ್ತಾರೆ? ‘ಬಾರ್ತುಲ್ ಅರ್ಧ ವರ್ಷ ಕೂಮನ ಮನೆಯಲ್ಲಿ ಗೇಯ್ದ, ಕೂಮ ಅವನನ್ನು ದಾಖಲು ಕೂಡ ಮಾಡಿರಲಿಲ್ಲ.’ ನನ್ನ ಮರ್ಯಾದೆಯೂ ಹೋಯಿತು, ನಿನ್ನದೂ ಹೋಯಿತು. ಎರಡನ್ನೂ ಕೊಟ್ಟು ಪಿಂಚಣಿ ಕೊಳ್ಳಬೇಕಾ?

ನಿನ್ನ ದಾನ ನಿನ್ನ ಹತ್ತಿರ ಇರಲಿ. ಮಂಗಳವಾರ ಮೊದಲ ಹಡಗಿಗೆ ಸ್ಪ್ಲಿಟ್‌ಗೆ ಹೋಗುತ್ತೇನೆ. ಆಸ್ಪತ್ರೆಯ ಕಾಗದ ನನ್ನ ಹತ್ತಿರವೇ ಇದೆ. ನಾನು ಎಲ್ಲಿದ್ದೆ ಅಂತ ಆ ಹುಡುಗಿಗೇ ಹೇಳುತ್ತೇನೆ. ಯೆರ್ಕಾಗೆ ಗೊತ್ತಾದ ಮೇಲೆ ತಟ್ಟೆಯನ್ನು ಮೇಜಿನ ಮೇಲೆ ಇಡುತ್ತಿಲ್ಲ, ಎಸೆಯುತ್ತಿದ್ದಾಳೆ. ಎಸೆಯಲಿ.

ಬಾರ್ತುಲ್


ಗಾಣದ ಮನೆ
10 ನವೆಂಬರ್, ಭಾನುವಾರ

ಬಾರ್ತುಲ್,

ಹೋಗು. ಆದರೆ ನಿಜ ಹೇಳುವುದಾದರೆ ಅರ್ಧ ಹೇಳಬೇಡ, ಪೂರ್ತಿ ಹೇಳು.

ಮೀನು ಡಬ್ಬಿಯ ಕಾರ್ಖಾನೆಯಲ್ಲಿ ದುಡಿದ ಕಂತಿಲ್ಲದ ವರ್ಷಗಳನ್ನು ಹೇಳು. ಬಂದರಿನ ಹೋಟೆಲು ಕಟ್ಟಿದಾಗ ಮೂರು ಚಳಿಗಾಲ ಕಲ್ಲು ಹೊತ್ತೆ, ಆ ಗುತ್ತಿಗೆದಾರ ಒಂದು ದಿನವೂ ನಿನ್ನ ಹೆಸರು ಬರೆಸಲಿಲ್ಲ. ಅದನ್ನೂ ಹೇಳು. ಕೊನೆಯಲ್ಲಿ ನಮ್ಮನೆಯ ವಿಷಯವನ್ನೂ ಹೇಳು.

ಸಿಟ್ಟಾಗಬೇಡ, ಇದನ್ನು ಬರೆಯಲು ಬೆಳಗಿನಿಂದ ಕೂತಿದ್ದೇನೆ. ವಿನ್ಕಾ ಚರ್ಚಿನ ಪೂಜೆಗೆ ಹೋಗಿ ಬಂದಳು, ನಾನು ಇನ್ನೂ ಇಲ್ಲೇ ಇದ್ದೇನೆ. ನೀನು ಮದುವೆಯಾದ ವರ್ಷದಿಂದ ಪ್ರತಿ ಶರತ್ಕಾಲ ನಮ್ಮ ದ್ರಾಕ್ಷಿ ಕೊಯ್ದೆ, ಆಲಿವ್ ಬಡಿದೆ, ಗಾಣ ತಿರುಗಿಸಿದೆ. ಅಪ್ಪ ಕೊಟ್ಟದ್ದು ಒಂದು ಡಬ್ಬ ಎಣ್ಣೆ, ಒಣಗಿದ ಅಂಜೂರ, ಮತ್ತೆ ಕೂಮ ಅನ್ನುವ ಹೆಸರು. ಬೇರೆಯವರು ಬಂದಿದ್ದರೆ ಸಂಜೆ ಕೂಲಿ ಎಣಿಸಬೇಕಿತ್ತು. ನೀನು ಬಂದರೆ ಒಂದು ಲೋಟ ವೈನ್ ಸುರಿದರೆ ಮುಗಿಯಿತು. ಅದೆಲ್ಲ ಕೂಡಿಸಿದರೆ ಆರು ತಿಂಗಳಲ್ಲ, ವರ್ಷಗಳೇ ಆಗುತ್ತವೆ. ಅಪ್ಪ ಅದನ್ನು ಪ್ರೀತಿ ಅಂದ. ನಾನೂ ಹಾಗೇ ಅಂದುಕೊಂಡೆ, ಯಾಕೆಂದರೆ ಹಾಗೆ ಅಂದುಕೊಳ್ಳುವುದು ನಮಗೆ ಅನುಕೂಲವಾಗಿತ್ತು.

ಆದ್ದರಿಂದ ದಾನ ಅನ್ನಬೇಡ. ನೀನು ದುಡಿದ ಕಾಲವನ್ನು ಯಾರೂ ಬರೆಯಲಿಲ್ಲ. ಈಗ ಬರೆದಿರುವ ಕಾಲದಲ್ಲಿ ನೀನು ದುಡಿಯಲಿಲ್ಲ. ಅದರ ಜಾಗಕ್ಕೆ ಇದು ಇರಲಿ. ತಾರೀಖು ತಪ್ಪು, ಅಷ್ಟೇ. ದುಡಿಮೆ ಸುಳ್ಳಲ್ಲ.

ಮಂಗಳವಾರ ನೀನು ಏನು ಹೇಳಿದರೂ ನಾನು ಒಪ್ಪುತ್ತೇನೆ. ಆದರೆ ಹೇಳುವ ಮೊದಲು ಯೆರ್ಕಾ ಮೆಟ್ಟಿಲು ಇಳಿಯುವುದನ್ನು ಒಂದು ಸಲ ನೋಡಿ ಹೋಗು. ಹತ್ತುವುದನ್ನಲ್ಲ, ಇಳಿಯುವುದನ್ನು.

ಲುಕ್ಷಾ


ಬಂದರು
24 ನವೆಂಬರ್

ಲುಕ್ಷಾ,

ಹೋಗಿ ಬಂದೆ. ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಕಚೇರಿಯ ಕೈಸಾಲೆಯಲ್ಲಿ ಬೆಂಚಿತ್ತು, ಕೂರಲಾಗಲಿಲ್ಲ. ಆಸ್ಪತ್ರೆಯ ಕಾಗದ ಕೋಟಿನ ಒಳಜೇಬಿನಲ್ಲಿ. ಒಳಗೆ ಕರೆದರು. ಅದೇ ಹುಡುಗಿ. ನೆಗಡಿ ಹತ್ತಿ ಮೂಗು ಕೆಂಪಾಗಿತ್ತು, ಮೇಜಿನ ಮೇಲೆ ಕಿತ್ತಳೆ ಸಿಪ್ಪೆ.

“ಓ, ಎಣ್ಣೆ ಗಿರಾಕಿ” ಅಂದಳು. “ಕೂತ್ಕೊಳ್ಳಿ ಅಜ್ಜ. ಏನಾದ್ರೂ ತಕರಾರು ಇದೆಯಾ?”

“ಇದೆ ಅಂತಲೇ ಬಂದೆ.”

“ಹೇಳಿ.”

ಕೈ ಒಳಜೇಬಿಗೆ ಹೋಯಿತು. ಅಲ್ಲೇ ನಿಂತಿತು. ನಿನ್ನ ಹಾಳು ಪತ್ರ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿತ್ತು. ಒಂದು ವರ್ಷ ಯೆರ್ಕಾಗೆ ಕೆಂಡದಂಥ ಜ್ವರ. ಡಾಕ್ಟರು ಮನೆ ಬಿಟ್ಟು ಕದಲಬೇಡ ಅಂದಿದ್ದರು. ಆಗ ನಿನ್ನಪ್ಪ ಹೇಳಿ ಕಳಿಸಿದ, ‘ಕೂಮ ಇಲ್ಲದಿದ್ದರೆ ನಮ್ಮ ಗಾಣ ತಿರುಗುವುದಿಲ್ಲ’ ಅಂತ. ಆ ಮಾತು ಕೇಳಿ ಎದೆ ಉಬ್ಬಿತು. ಅವಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದೆ. ಮೂರು ದಿನ ಗಾಣ ತಿರುಗಿಸಿದೆ. ಎದೆ ಉಬ್ಬಿತಲ್ಲ, ನನಗೆ ಸಿಕ್ಕ ಸಂಬಳ ಅದೇ.

“ಅಜ್ಜ, ಹೊರಗೆ ಜನ ಕಾಯ್ತಿದ್ದಾರೆ. ಲುಕ್ಷಾ ಅವರ ಹತ್ರ ದುಡಿದ್ರಾ, ಇಲ್ವಾ?”

“ದುಡಿದೆ.”

“ಯಾವಾಗಿಂದ?”

“ಮೂವತ್ತೆಂಟು ವರ್ಷದಿಂದ.”

ಅವಳು ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು. “ನನಗೆ ಆರು ತಿಂಗಳು ಸಾಕು ಅಜ್ಜ” ಅಂದಳು.

“ಹಾಗಾದ್ರೆ ತಕರಾರಿಲ್ಲ” ಅಂದೆ. ತೋರಿಸಿದ ಕಡೆ ಸೈನ್ ಹಾಕಿದೆ. ಬರುವಾಗ ಒಂದು ಕಿತ್ತಳೆ ಕೊಟ್ಟಳು.

ಹಡಗಿನಲ್ಲಿ ಹೊರಗೇ ನಿಂತಿದ್ದೆ. ಯೆರ್ಕಾ ಇಳಿಯುವುದನ್ನು ನೋಡಿಯೇ ಹೋಗಿದ್ದೆ, ಕಂಬಿ ಹಿಡಿದು ಮಗುವಿನ ಹಾಗೆ ಒಂದೊಂದೇ ಮೆಟ್ಟಿಲು. ಅವಳಿಗಾಗಿ ಹೇಳಿದ್ದು, ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂವತ್ತೆಂಟು ವರ್ಷ ಕೂಮನಾಗಿ ಬಂದೆ ಅಂದುಕೊಂಡಿದ್ದೆ. ಆಳಾಗಿ ಬಂದೆ ಅಂತ ನನ್ನ ಕೈಯಾರೆ ಸೈನ್ ಹಾಕಿ ಬಂದೆ.

ಒಂದೇ ಒಂದು ಕೇಳುತ್ತೇನೆ, ನಿಜ ಹೇಳು. ಪ್ರತಿ ಅಕ್ಟೋಬರಿನಲ್ಲಿ ನಿನ್ನಪ್ಪ ಬಂದರಿಗೆ ಹೇಳಿ ಕಳಿಸುತ್ತಿದ್ದನಲ್ಲ, ಅವನು ಕರೆದದ್ದು ಕೂಮನನ್ನೋ, ಆಳನ್ನೋ?

ಬಾರ್ತುಲ್


ಗಾಣದ ಮನೆ
3 ಡಿಸೆಂಬರ್

ಬಾರ್ತುಲ್,

ಗೊತ್ತಿಲ್ಲ. ಅಪ್ಪನನ್ನು ಕೇಳುವಂತಿಲ್ಲ, ನನ್ನ ಮಾತನ್ನು ನಾನೇ ನಂಬುವಂತಿಲ್ಲ.

ಬೀಗ ತೆಗೆದರು. ಬಂದದ್ದು ಉಳಿದ ಪಳಿದ ಕಾಯಿ. ಆರು ತಿಂಗಳದ್ದೂ ಕಟ್ಟಿಯಾಯಿತು. ಫ್ರಾನ್ಕಾ ನಿನ್ನ ಸಂಬಳ ಚೀಟಿಗಳನ್ನು ಕಳಿಸಿದ್ದಾಳೆ, ಆರೂ ಇದರ ಜೊತೆ ಇವೆ. ಅವನ್ನು ಮಡಚುವಾಗ ಅತ್ತಳು ಅಂತ ವಿನ್ಕಾ ಹೇಳಿದಳು, ನಿನಗೆ ತಿಳಿಸಬೇಡ ಅಂದಿದ್ದಾಳೆ.

ಕ್ರಿಸ್‌ಮಸ್ ಹಿಂದಿನ ದಿನ ಪ್ರತಿ ವರ್ಷದ ಹಾಗೆ ಒಣಮೀನಿನ ಊಟಕ್ಕೆ ಇಬ್ಬರೂ ಬನ್ನಿ. ಎರಡು ತಟ್ಟೆ ಹಾಕಿರುತ್ತೇವೆ.

ಲುಕ್ಷಾ


ಬಂದರು
26 ಫೆಬ್ರವರಿ 2025

ಲುಕ್ಷಾ,

ಹಬ್ಬಕ್ಕೆ ಬರಲಿಲ್ಲ. ಬರಲು ಆಗಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ.

ಪಿಂಚಣಿ ಮಂಜೂರಾಯಿತು. ಯೆರ್ಕಾ ನಿನ್ನೆ ಪ್ರವಾಸಿಗರ ಮನೆಗಳ ಬೀಗದ ಕೈಗಳನ್ನು ಮಾಲೀಕಳಿಗೆ ವಾಪಸು ಕೊಟ್ಟು ಬಂದಳು. ಬಂದವಳು ಬಾಗಿಲ ಮುಂದೆ ಬಿಸಿಲಲ್ಲಿ ಕೂತಳು. ಕಾಯಿಪಲ್ಲೆ ಬಿಡಿಸಲಿಲ್ಲ, ಹೊಲಿಗೆ ಹಿಡಿಯಲಿಲ್ಲ, ಸುಮ್ಮನೆ ಕೂತಳು. ನಾನು ಅವಳನ್ನು ಹಾಗೆ ಕಂಡದ್ದು ಇದೇ ಮೊದಲು. ಇದನ್ನು ನಿನಗೆ ಹೇಳಬೇಕಾದ್ದು ಧರ್ಮ, ಹೇಳಿದ್ದೇನೆ.

ಈಗ ಬೇರೆ ವಿಷಯ. ದೋಣಿಯನ್ನು ದಡಕ್ಕೆ ಎಳೆದಿದ್ದೇನೆ. ತಳ ಕೆರೆದು ಬಣ್ಣ ಬಳಿಯಬೇಕು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ನೀನು ಒಂದು ದಿನವೂ ಬಂದಿಲ್ಲ, ನಾನೂ ಕರೆದಿಲ್ಲ. ದೋಣಿ ನೆಲದ ಮೇಲಿದೆ, ನೀನು ವಾಂತಿಯ ನೆಪ ಹೇಳುವಂತಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬಾ. ಕೂಲಿ ಇಲ್ಲ.

ಬಾರ್ತುಲ್


ಗಾಣದ ಮನೆ
3 ಮಾರ್ಚ್

ಬಾರ್ತುಲ್,

ಬೆರಳು ಮಡಚಲು ಬರುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನೆ ಇಡೀ ದಿನ ನೀನು ಆಡಿದ್ದು ಎರಡೇ ಮಾತು. “ಇಲ್ಲಿ ಕೆರಿ.” “ಅಲ್ಲಿ ಉಳಿದಿದೆ ನೋಡು.” ದೋಣಿಯ ಹೊಟ್ಟೆಯ ಕೆಳಗೆ ಒದ್ದೆ ಮರಳಿನ ಮೇಲೆ ಅಂಗಾತ ಮಲಗಿದ್ದೆ. ಕೆರೆದ ಚಿಪ್ಪು, ಪಾಚಿ, ಹಳೇ ಬಣ್ಣ ಎಲ್ಲ ಕಣ್ಣಿಗೇ ಬೀಳುತ್ತಿತ್ತು. ಮಧ್ಯಾಹ್ನ ಯೆರ್ಕಾ ಕೊಟ್ಟ ಬೀನ್ಸ್ ಸಾರನ್ನು ನಿಂತುಕೊಂಡೇ ಕುಡಿದೆ. ಮೂರು ಗಂಟೆಯ ಹೊತ್ತಿಗೆ ತೋಳು ಸತ್ತುಹೋಗಿತ್ತು. ಈಗ ಸಾಕು ಅನ್ನುತ್ತೀಯ, ಈಗ ಅನ್ನುತ್ತೀಯ ಅಂತ ಕಾದೆ. ನೀನು ಅನ್ನಲಿಲ್ಲ. ನಾನೂ ಅನ್ನಲಾರದೆ ಹೋದೆ. ಕೂಮನ ಮುಂದೆ ಹೇಗೆ ಅನ್ನಲಿ?

ಆಗ ನನಗೆ ತಿಳಿಯಿತು. ದಿಲ್ ಬಹಾದೂರ್ ದಿನಾ ಸಂಜೆ ಕೈ ತೊಳೆದುಕೊಂಡು ‘ಎಂಟು ಗಂಟೆ ಆಯ್ತು ಧಣಿ, ಬರ್ತೀನಿ’ ಅಂತ ಹೊರಡುತ್ತಾನೆ. ನಾನು ಸರಿ ಅನ್ನುತ್ತೇನೆ. ಆಳಿಗೆ ಹಾಗೆ ಹೇಳುವ ಹಕ್ಕಿದೆ, ಅವನ ಕರಾರಿನಲ್ಲೇ ಬರೆದಿದೆ. ನಿನಗೆ ಅದೂ ಇರಲಿಲ್ಲ. ಯೆರ್ಕಾಗೆ ಜ್ವರ ಬಂದಾಗಲೂ ಇರಲಿಲ್ಲ. ಆಳಿಗೆ ಕೊಡಬೇಕಾದ್ದನ್ನೂ ಕೊಡದೆ ದುಡಿಸಲು ನಮಗೆ ಒಬ್ಬ ಕೂಮ ಬೇಕಾಗಿದ್ದ.

ನೀನು ಕೇಳಿದ್ದೆಯಲ್ಲ, ಇದು ಉತ್ತರ. ಅಪ್ಪ ಆಳನ್ನೇ ಕರೆದ. ನಾನೂ ಆಳನ್ನೇ ಕರೆದೆ. ಆದರೆ ಬೆಟ್ಟ ಹತ್ತಿ ಬಂದವನು ಪ್ರತಿ ಸಲವೂ ಕೂಮನೇ. ಅದನ್ನು ನೀನು ಯಾವ ಕಚೇರಿಯಲ್ಲಿ ಸೈನ್ ಹಾಕಿಯೂ ಕಳೆದುಕೊಂಡಿಲ್ಲ. ಕಳೆದುಕೊಂಡವನು ನಾನು, ಅದೂ ಗಿರಾಕಿ ಅನ್ನುವ ಒಂದೇ ಒಂದು ಮಾತಿನಲ್ಲಿ, ನಿನ್ನ ಕಣ್ಣೆದುರಿಗೇ.

ಬಸ್ಸು ಬಂದಾಗ ನೀನು ದೋಣಿಯ ಕಡೆ ನೋಡುತ್ತಾ “ಎಡಗಡೆ ಹಾಗೇ ಉಳ್ಕೊಂಡಿದೆ” ಅಂದೆ. ಕರೆದೆಯೋ, ಸುಮ್ಮನೆ ಅಂದೆಯೋ ಗೊತ್ತಾಗಲಿಲ್ಲ. ನಾನು ಕೇಳುವುದಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನಾಗಿ ಸಾಕು ಅನ್ನುವ ತನಕ ಕೆರೆಯುತ್ತೇನೆ.

ಲುಕ್ಷಾ